ಚೊಗರು ಇಳಿದ ಹೊತ್ತು

ಶಿವಮೊಗ್ಗದಿಂದ ಬಂದ ರಸ್ತೆ ಸವಳಂಗದಲ್ಲಿ ಕವಲೊಡೆಯುತ್ತದೆ. ಒಂದು ಶಿಕಾರಿಪುರದ ಕಡೆಗೆ, ಇನ್ನೊಂದು ನ್ಯಾಮತಿ ದಾಟಿ ಹೊನ್ನಾಳಿಗೆ. ಬೆಳಗಿನ ಐದೂವರೆಗೆ ಈ ಕವಲಿನಲ್ಲಿ ಬಸ್ಸಿಗಿಂತ ಮೊದಲು ಕೇಳುವುದು ಶುಂಠಿ ಜಜ್ಜುವ ಸದ್ದು. ಗೂಡಂಗಡಿಯ ಅಕ್ಕ ಮುಷ್ಟಿಗಾತ್ರದ ಗುಂಡುಕಲ್ಲಿನಿಂದ ಎರಡೇಟು ಹಾಕುತ್ತಾಳೆ. ಮೂರನೆಯದು ಹಾಕುವುದಿಲ್ಲ. ನುಣ್ಣಗೆ ಮಾಡಿದರೆ ಖಾರವೆಲ್ಲ ಕಲ್ಲಿಗೇ ಹೋಗುತ್ತದಂತೆ.

ಸುತ್ತ ಅಡಿಕೆ, ಮೆಕ್ಕೆಜೋಳ. ಶಿಕಾರಿಪುರದ ಕಡೆ ಹೋದರೆ ಶುಂಠಿಯ ಹೊಲಗಳು. ಶುಂಠಿಗೆ ರೇಟು ಏರಿದ ವರ್ಷ ಬೆಳೆದವನ ಮುಖ ಅರಳುತ್ತದೆ, ಟೀಯಲ್ಲಿ ಶುಂಠಿಯ ಚೂರು ಚಿಕ್ಕದಾಗುತ್ತದೆ. ಹಾಲು ಊರ ಡೇರಿಯದು. ಟೀಪುಡಿ ಮಾತ್ರ ದೂರದಿಂದ ಬರಬೇಕು, ನೀಲಗಿರಿಯಿಂದಲೋ ಅಸ್ಸಾಮಿನಿಂದಲೋ. ಕಾಫಿ ಬೆಳೆಯುವ ಚಿಕ್ಕಮಗಳೂರು ಜಿಲ್ಲೆ ಇಲ್ಲಿಂದ ದೂರವೇನಲ್ಲ. ಆದರೂ ರಸ್ತೆಬದಿಯ ಬೆಂಚಿನ ಮೇಲೆ ಗೆದ್ದದ್ದು ಟೀ. ಕಾಫಿಗೆ ಫಿಲ್ಟರ್ ಬೇಕು, ಡಿಕಾಕ್ಷನ್ ಇಳಿಯುವವರೆಗೆ ಕಾಯುವ ತಾಳ್ಮೆ ಬೇಕು. ಟೀಗೆ ಒಂದು ಪಾತ್ರೆ, ಒಂದು ಸೋಸೋ ಬಟ್ಟೆ ಸಾಕು.

ಅಕ್ಕನ ಕೈ ನೋಡಿ ಕಲಿತದ್ದು ಇಷ್ಟು. ನಾಲ್ಕು ಲೋಟಕ್ಕೆ ಎರಡೂವರೆ ಲೋಟ ನೀರು. ನೀರಿನ ಜತೆಗೇ ಶುಂಠಿ. ಅದು ಚೆನ್ನಾಗಿ ಕುದಿದು ಘಾಟು ಮೂಗಿಗೆ ಬಂದ ಮೇಲೆ ನಾಲ್ಕು ಚಮಚ ಸಕ್ಕರೆ, ಆಮೇಲೆ ಮೂರು ಚಮಚ ಪುಡಿ. ನೀರು ಕೆಂಪಿನಿಂದ ಕಂದಿಗೆ ತಿರುಗುವವರೆಗೆ ಬಿಟ್ಟು, ಕಾಸಿದ ಹಾಲು ಎರಡು ಲೋಟ. ಉಕ್ಕಿ ಬಂದಾಗ ಪಾತ್ರೆ ಎತ್ತುವುದು, ಇಳಿಸುವುದು, ಮತ್ತೆ ಎತ್ತುವುದು. ಮೂರು ಉಕ್ಕು. ಅಷ್ಟರಲ್ಲಿ ಅರ್ಧ ಲೋಟದಷ್ಟು ಇಂಗಿರುತ್ತದೆ.

ಶುಂಠಿಯನ್ನು ಹಾಲಿಗಿಂತ ಮೊದಲೇ ಕುದಿಸುವುದಕ್ಕೆ ಕಾರಣವುಂಟು. ಹಸಿಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವವಿದೆ. ಉಗುರುಬೆಚ್ಚನೆಯ ಹಾಲಿಗೆ ಬಿದ್ದರೆ ಹಾಲು ಹೆಪ್ಪಿಗೆ ಬರುತ್ತದೆ, ಕುದಿಯುವ ನೀರಿನಲ್ಲಿ ಆ ಕಿಣ್ವದ ಆಟ ನಿಲ್ಲುತ್ತದೆ. ಮನೆಯಲ್ಲಿ ಒಮ್ಮೆ ಅವಸರಕ್ಕೆ ಎಲ್ಲ ಒಟ್ಟಿಗೆ ಸುರಿದು ನೆಂಟರ ಮುಂದೆ ಒಡೆದ ಟೀ ಇಟ್ಟವನು ನಾನು. ಅವರು ಪಾಪ, ಕುಡಿದರು.

ಬೋರ್ಡಿನ ಮೇಲೆ ಇರುವುದು 'ಟೀ' ಎಂಬ ಒಂದೇ ಅಕ್ಷರ. ಬಗೆಗಳೆಲ್ಲ ಗಿರಾಕಿಯ ಬಾಯಲ್ಲಿ. ಲಾರಿಯವನಿಗೆ ಖಡಕ್, ಮೇಷ್ಟ್ರಿಗೆ ಲೈಟು, ಶುಗರ್ ಇರುವ ಯಜಮಾನರಿಗೆ ಸಪ್ಪೆ, ಜೇಬು ನೋಡಿಕೊಂಡು ಬಂದ ಇಬ್ಬರು ಹುಡುಗರಿಗೆ ಬೈ ಟೂ. ಮಿರ್ಚಿ ಮಂಡಕ್ಕಿ ತಿಂದು ಬಾಯಿ ಉರಿಸಿಕೊಂಡವನಿಗೆ 'ಬಿಸಿಬಿಸಿ ಅರ್ಧ'. ನೆಗಡಿಯವರಿಗೆ ಲಿಂಬು ಟೀ. ಅದಕ್ಕೆ ಹಾಲಿಲ್ಲ, ಒಲೆಯಿಂದ ಇಳಿಸಿದ ಮೇಲೆ ಹುಳಿ ಹಿಂಡಬೇಕು. ಹಿಂಡಿದ ಕ್ಷಣ ಕಪ್ಪು ಟೀ ಜೇನಿನ ಬಣ್ಣಕ್ಕೆ ತಿಳಿಯಾಗುವುದನ್ನು ನೋಡಲಿಕ್ಕೆಂದೇ ನಾನು ಎಷ್ಟೋ ಸಲ ಅದನ್ನು ಹೇಳಿದ್ದೇನೆ, ನೆಗಡಿ ಇಲ್ಲದೆಯೂ.

ಹಬ್ಬಕ್ಕೆ ಬೆಂಗಳೂರಿಂದ ಬಂದ ಹುಡುಗನೊಬ್ಬ ಜೇಬಿನಿಂದ ಗ್ರೀನ್ ಟೀ ಪೊಟ್ಟಣ ತೆಗೆದು, 'ಅಕ್ಕಾ, ಬರೀ ಬಿಸಿನೀರು ಕೊಡ್ರಿ' ಅಂದ. ಅಕ್ಕ ಕುದಿಯುವ ನೀರನ್ನೇ ಬಗ್ಗಿಸಲು ಹೋದಳು. 'ಅಷ್ಟು ಬಿಸಿ ಬೇಡ, ಕಹಿಯಾಗುತ್ತೆ' ಎಂದ. ಅವನು ಹೇಳಿದ್ದೇನೋ ಸರಿ. ಎಂಬತ್ತು ಡಿಗ್ರಿ ಆಸುಪಾಸಿನ ನೀರು, ಎರಡು ಮೂರು ನಿಮಿಷ, ಅಷ್ಟೇ ಅದರ ಲೆಕ್ಕ. ಅವನು ಹೋದ ಮೇಲೆ ಅಕ್ಕನ ಚಿಂತೆ ಬೇರೆ: 'ಬಿಸಿನೀರಿಗೆ ಏನಂತ ದುಡ್ಡು ಇಸ್ಕಳದು, ನೀವೇ ಹೇಳ್ರಿ.'

ಗ್ರೀನ್ ಟೀಗೂ ಅಕ್ಕನ ಟೀಗೂ ಗಿಡ ಒಂದೇ. ಕೊಯ್ದ ಚಿಗುರನ್ನು ಬಾಡಿಸಿ ಹಿಸುಕಿ ಗಾಳಿಗೆ ಬಿಟ್ಟರೆ, ಹೆಚ್ಚಿಟ್ಟ ಬದನೆಕಾಯಿಯ ಹಾಗೆ ಕಂದುತ್ತದೆ. ಅದು ಕಪ್ಪು ಟೀ. ಕಂದುವ ಮೊದಲೇ ಬಿಸಿ ತಾಗಿಸಿ ತಡೆದರೆ ಗ್ರೀನ್ ಟೀ. ಗೂಡಂಗಡಿಯ ಪುಡಿಯದು ಇನ್ನೊಂದು ಕಥೆ. 1930ರ ಹೊತ್ತಿಗೆ ಅಸ್ಸಾಮಿನಲ್ಲಿ ಶುರುವಾದ ಸಿಟಿಸಿ ಯಂತ್ರದ ಹಲ್ಲುಗಳು ಎಲೆಯನ್ನು ಅರೆದು, ಹರಿದು, ಹರಳು ಕಟ್ಟುತ್ತವೆ. ಇಡೀ ಎಲೆ ನಿಧಾನಕ್ಕೆ ಬಿಡುವ ಬಣ್ಣವನ್ನು ಈ ಹರಳು ಎರಡು ನಿಮಿಷಕ್ಕೆ ಬಿಡುತ್ತದೆ. ಕಡಿಮೆ ಪುಡಿಗೆ ಹೆಚ್ಚು ಲೋಟ. ಹಾಲು, ಸಕ್ಕರೆ, ಶುಂಠಿ ಮೂರನ್ನೂ ಹೊತ್ತು ನಿಲ್ಲುವ ತಾಕತ್ತು ಅದಕ್ಕಿದೆ.

ಫೆಬ್ರವರಿಯಲ್ಲಿ ಹತ್ತಿರದ ಸೂರಗೊಂಡನಕೊಪ್ಪದಲ್ಲಿ ಬಂಜಾರರ ಗುರು ಸಂತ ಸೇವಾಲಾಲರ ಜಾತ್ರೆ. ಮಹಾರಾಷ್ಟ್ರ, ತೆಲಂಗಾಣದ ಬಂಜಾರರೂ ಬರುತ್ತಾರೆ. ಆಗ ಅಕ್ಕನ ಮೂರು ಉಕ್ಕಿನ ಲೆಕ್ಕ ತಪ್ಪುತ್ತದೆ. ಹಳೆ ಚರಟದ ಮೇಲೇ ಹೊಸ ಪುಡಿ ಬೀಳುತ್ತದೆ. ಆ ದಿನಗಳ ಟೀ ಕುಡಿದರೆ ನಾಲಿಗೆ ಮರಗಟ್ಟಿದ ಹಾಗಾಗುತ್ತದೆ, ಆದರೂ ಜನ ಕ್ಯೂ ನಿಲ್ಲುತ್ತಾರೆ.

ಟೀಯನ್ನು ನಿಜಕ್ಕೂ ಬಲ್ಲವರನ್ನು ಕಾಣಬೇಕಾದರೆ ಅಡಿಕೆ ಕೊಯ್ಲಿನ ಕಾಲಕ್ಕೆ, ರಾತ್ರಿ, ಸುಲಿಯುವ ಶೆಡ್ಡಿಗೆ ಹೋಗಬೇಕು. ಸುಲಿದ ಹಸಿ ಅಡಿಕೆ ಹಂಡೆಯಲ್ಲಿ ಬೇಯುವಾಗ ಬಿಡುವ ಕೆಂಗಂದು ರಸಕ್ಕೆ ಇಲ್ಲಿ ಚೊಗರು ಎನ್ನುತ್ತಾರೆ. ನಾಲಿಗೆ ಹಿಡಿಯುವ ಒಗರಿಗೂ ಅದೇ ಮಾತು. ಅಡಿಕೆಯ ಚೊಗರು, ಟೀಯ ಒಗರು ಎರಡೂ ಟ್ಯಾನಿನ್ ಬಳಗದವೇ. ಟೀಗೆ ಹಾಲು ಬಿದ್ದಾಗ ಅದರ ಪ್ರೋಟೀನು ಈ ಒಗರನ್ನು ಹಿಡಿದು ಕಟ್ಟಿಹಾಕುತ್ತದೆ, ಅದಕ್ಕೇ ಗಂಟಲಿಗೆ ಮೆತ್ತಗೆ ಇಳಿಯುತ್ತದೆ. ಅಡಿಕೆಯ ಚೊಗರನ್ನು ಚೆಲ್ಲುವುದಿಲ್ಲ. ಒಂದು ಹಂಡೆಯದನ್ನು ಮುಂದಿನ ಹಂಡೆಗೂ ಬಳಸುತ್ತ ಹೋದರೆ ಗಟ್ಟಿಯಾಗುತ್ತದೆ, ಅಡಿಕೆಗೆ ಬಣ್ಣ ಬರುತ್ತದೆ. ಟೀಗೆ ಈ ಮರ್ಯಾದೆ ಇಲ್ಲ, ಮರುಕುದಿಸಿದರೆ ಕೆಟ್ಟಿತು.

ನಾನು ಹಾಗೆ ಹೋದ ಒಂದು ರಾತ್ರಿ, ಹತ್ತು ಗಂಟೆಗೆ ಟೀಯ ಕೆಟಲ್ ಬಂತು. ಹೆಂಗಸರು ಕತ್ತಿ ಬಿಟ್ಟು ಎದ್ದರು. ಅವರ ಬೆರಳ ತುದಿಗಳೆಲ್ಲ ಸೋಪಿಗೂ ಬಗ್ಗದ ಕಂದು. ಅಜ್ಜಿಯೊಬ್ಬಳು ಲೋಟವನ್ನು ಬಲ್ಬಿನ ಬೆಳಕಿಗೆ ಹಿಡಿದಳು, ಬೇಯಿಸಿದ ಅಡಿಕೆ ಹದಕ್ಕೆ ಬಂತೇ ಎಂದು ನೋಡುವ ಅದೇ ಕಣ್ಣಿನಲ್ಲಿ.

'ಏನಪಾ,' ಅಂದಳು ತಂದ ಹುಡುಗನಿಗೆ, 'ಇದು ಚೊಗರೇ ಇಳಿದಿಲ್ಲ. ವಾಪಸ್ ಒಲೆ ಮೇಲಿಡು ಹೋಗು.'

ಹುಡುಗ ಕೆಟಲ್ ಎತ್ತಿಕೊಂಡು ಹಂಡೆಯ ಒಲೆಯತ್ತ ನಡೆದ.