ಗೇರುಬೀಜ: ಹೆಕ್ಕುವುದು, ಸುಡುವುದು, ಮಾರುವುದು

ಮಾಘ ಕಳೆದು ಬಿಸಿಲು ಏರತೊಡಗಿತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಮುರಕಲ್ಲಿನ ಗುಡ್ಡೆಗಳಲ್ಲಿಯೂ ಹಾಡಿಗಳಲ್ಲಿಯೂ ಗೇರುಹಣ್ಣಿನ ವಾಸನೆ ಹರಡುತ್ತದೆ. ಹಣ್ಣು ಕೆಂಪಾಗಿರಲಿ ಹಳದಿಯಾಗಿರಲಿ, ಅದರ ತುದಿಯಲ್ಲಿ ತೂಗುವ ಬೂದುಬಣ್ಣದ ಬೀಜವೇ ಮನೆಗೆ ಹಣ ತರುವ ವಸ್ತು. ಅದನ್ನು ಹೆಕ್ಕುವುದು, ಸುಡುವುದು, ಅಂಗಡಿಗೆ ಹಾಕುವುದು ಇಲ್ಲಿನ ಹುಡುಗರಿಗೂ ತಿಳಿದ ಕೆಲಸ. ಆದರೆ ಹಸಿ ಬೀಜವನ್ನು ಕಚ್ಚಿದರೆ ತುಟಿ ಏಕೆ ಬೇಯುತ್ತದೆ? ಉರಿಯಲ್ಲಿ ಸಿಪ್ಪೆ ಕರಿಕಾದರೂ ತಿರುಳು ಹೇಗೆ ಬೆಳ್ಳಗೆ ಉಳಿಯುತ್ತದೆ? ಬೀಜವನ್ನು ಒಣಗಿಸಿ ಮಾರಿದರೆ ತೂಕ ಇಳಿಯುತ್ತದೆ. ಹಾಗಾದರೆ ಒಣಗಿಸುವುದು ಲಾಭವೋ ನಷ್ಟವೋ? ಈ ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ಇವುಗಳ ಉತ್ತರ ಒಂದೇ ಕಡೆ ಇದೆ. ಸಿಪ್ಪೆಯಲ್ಲಿರುವ ಎಣ್ಣೆ, ಬೀಜದಲ್ಲಿರುವ ನೀರು, ಇವೆರಡೂ ಉಷ್ಣಕ್ಕೆ ಸಿಕ್ಕಾಗ ಹೇಗೆ ವರ್ತಿಸುತ್ತವೆಂಬುದನ್ನು ಅರಿತವನಿಗೆ ಕೈಯೂ ಉಳಿಯುತ್ತದೆ, ಕಾಸೂ ಉಳಿಯುತ್ತದೆ.

ಗೇರುಮರದ ತವರು ಬ್ರೆಜಿಲ್ ದೇಶ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಕುಂದಾಪುರದ ನೆರೆಯ ಬಸರೂರು 1569ರಲ್ಲಿ ಅವರ ಕೈಸೇರಿತ್ತು. ನಮ್ಮ ಕಾಡಿನ ಸ್ವಂತ ಗೇರು ಬೇರೊಂದಿದೆ: ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಪ್ಪು ಸೊನೆಯ ಕರಿಗೇರು. ಈ ಎರಡು ಗೇರುಗಳೂ ಮಾವೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಟುಂಬದವು. ಮೂರರ ಸೊನೆಯೂ ಚರ್ಮವನ್ನು ಸುಡುವುದು ಆ ನಂಟಿನ ಕುರುಹು. ಹೊರಗಿನಿಂದ ಬಂದ ಮರವು ಬರಡು ಮುರಕಲ್ಲಿನಲ್ಲಿಯೂ ಬೇರೂರಿತು; ಹಣ್ಣನ್ನು ಕಚ್ಚಿಕೊಂಡು ಹಾರುವ ಬಾವಲಿಗಳು ಬೀಜವನ್ನು ಹಾಡಿಯಿಂದ ಹಾಡಿಗೆ ಹರಡಿದವು. ಯಾರೂ ನೆಡದ ಗೇರುಮರಗಳು ಈ ಸೀಮೆಯಲ್ಲಿ ಇಂದಿಗೂ ಹೇರಳ. ಸರಕಾರದ ಗೇರುತೋಪುಗಳನ್ನು ನೋಡಿಕೊಳ್ಳಲು 1978ರಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮವೂ ಸ್ಥಾಪಿತವಾಯಿತು.

ಹೆಕ್ಕುವ ಕಾಲ

ನಾವು ಹಣ್ಣೆಂದು ತಿನ್ನುವುದು ನಿಜವಾಗಿ ಹಣ್ಣಲ್ಲ, ಉಬ್ಬಿದ ತೊಟ್ಟು. ಬೀಜವೆಂದು ಕರೆಯುವುದೇ ಈ ಮರದ ನಿಜವಾದ ಕಾಯಿ. ಅದು ಮೊದಲು ಬೆಳೆದು ತನ್ನ ಪೂರ್ಣ ಗಾತ್ರವನ್ನು ಮುಟ್ಟುತ್ತದೆ. ಆಗ ತೊಟ್ಟು ಇನ್ನೂ ಸಣ್ಣದು. ಅನಂತರ ತೊಟ್ಟು ಉಬ್ಬುತ್ತ ಹೋದಂತೆ ಕಾಯಿಯು ನೀರನ್ನು ಕಳೆದುಕೊಂಡು ತುಸು ಕುಗ್ಗಿ ಗಟ್ಟಿಯಾಗುತ್ತದೆ. ಆದುದರಿಂದ ಹಸುರು ಬೀಜ ದೊಡ್ಡದಾಗಿ ಕಂಡಿತೆಂದು ದೋಟಿಯಿಂದ ಎಳೆದು ಕೊಯ್ದವನಿಗೆ ಸಿಗುವುದು ಹೆಚ್ಚಿನ ನೀರು, ಕಡಿಮೆ ತಿರುಳು. ತಾನಾಗಿ ನೆಲಕ್ಕೆ ಬಿದ್ದ ಹಣ್ಣಿನ ಬೀಜವನ್ನು ಹೆಕ್ಕುವ ಹಿರಿಯರ ಪದ್ಧತಿಯೇ ಶಾಸ್ತ್ರಕ್ಕೆ ಒಪ್ಪುವಂಥದು.

ತುಂಬಿದ ಬೀಜವನ್ನೂ ಜೊಳ್ಳನ್ನೂ ಬೇರ್ಪಡಿಸಲು ಒಂದು ಬಕೆಟ್ ನೀರು ಸಾಕು. ತಿರುಳು ತುಂಬಿದ ಬೀಜದ ಸಾಂದ್ರತೆ ನೀರಿಗಿಂತ ಹೆಚ್ಚು, ಅದು ಮುಳುಗುತ್ತದೆ. ಒಳಗೆ ಗಾಳಿ ಉಳಿದ ಜೊಳ್ಳು ತೇಲುತ್ತದೆ. ಬಿತ್ತನೆಗೆ ಬೀಜವನ್ನು ಆರಿಸುವವರು ಮುಳುಗಿದ್ದನ್ನೇ ಇಟ್ಟುಕೊಳ್ಳುವುದು ಈ ಕಾರಣದಿಂದ.

ಒಣಗಿಸುವ ಲೆಕ್ಕ

ಈಗ ತೂಕದ ಮಾತು. ಆಗತಾನೆ ಹೆಕ್ಕಿದ ಬೀಜದಲ್ಲಿ ತೂಕದ ಐದನೆಯ ಒಂದು ಭಾಗದಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು, ನೀರಿರುತ್ತದೆ. ಎರಡು ಮೂರು ದಿನದ ಒಳ್ಳೆಯ ಬಿಸಿಲಿನಲ್ಲಿ ಅದು ಶೇಕಡಾ 8ರ ಆಸುಪಾಸಿಗೆ ಇಳಿಯುತ್ತದೆ. 100 ಕಿಲೋ ಹಸಿ ಬೀಜದಲ್ಲಿ ನೀರು 20 ಕಿಲೋ, ಉಳಿದ ಪದಾರ್ಥ 80 ಕಿಲೋ ಎಂದಿಟ್ಟುಕೊಳ್ಳೋಣ. ಒಣಗಿದ ಮೇಲೆಯೂ ಆ 80 ಕಿಲೋ ಹಾಗೆಯೇ ಇರುತ್ತದೆ. ಆದರೆ ಈಗ ಅದು ಒಟ್ಟು ತೂಕದ ಶೇಕಡಾ 92 ಭಾಗ. ಆದುದರಿಂದ ಒಟ್ಟು ತೂಕ ಸುಮಾರು 87 ಕಿಲೋ. ಹದಿಮೂರು ಕಿಲೋ ಗಾಳಿಗೆ ಹೋಯಿತು.

ಹಸಿ ಬೀಜಕ್ಕೆ ಕಿಲೋಗೆ 100 ರೂಪಾಯಿ ಸಿಗುವುದಾದರೆ ಅಷ್ಟೇ ಹಣವನ್ನು 87 ಕಿಲೋ ಒಣ ಬೀಜದಿಂದ ಪಡೆಯಲು ಕಿಲೋಗೆ 115 ರೂಪಾಯಿ ಸಿಗಬೇಕು. ದರ ಯಾವುದೇ ಇರಲಿ, ಒಣ ಬೀಜದ ಬೆಲೆ ಹಸಿಯದಕ್ಕಿಂತ ಶೇಕಡಾ 15ಕ್ಕೂ ಮಿಕ್ಕಿದ್ದರೆ ಮಾತ್ರ ಒಣಗಿಸಿದ ಶ್ರಮಕ್ಕೆ ಕೂಲಿ ಹುಟ್ಟುತ್ತದೆ. ಅಂಗಳದಲ್ಲಿ ಬೀಜವನ್ನು ಹರಡುವ ಮೊದಲು ಅಂಗಡಿಯಲ್ಲಿ ಎರಡೂ ದರಗಳನ್ನು ಕೇಳಿ ತಿಳಿಯುವುದು ಜಾಣತನ. ಆದರೆ ಬೀಜವನ್ನು ಕೆಲವು ವಾರ ಇಟ್ಟು ದರ ಏರಿದ ಮೇಲೆ ಮಾರಬೇಕೆಂಬ ಯೋಚನೆಯಿದ್ದರೆ ಈ ಲೆಕ್ಕ ನಡೆಯದು, ಒಣಗಿಸಲೇಬೇಕು. ಒದ್ದೆ ಬೀಜವನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಹತ್ತಿ ತಿರುಳು ಕಪ್ಪಾಗುತ್ತದೆ. ಉಗುರಿನಿಂದ ಒತ್ತಿದರೆ ಗುರುತು ಬೀಳಬಾರದು. ಮುಷ್ಟಿಯಲ್ಲಿ ಹಿಡಿದು ಅಲುಗಿಸಿದರೆ ಗಲಗಲ ಸದ್ದಾಗಬೇಕು. ಇವು ಬೀಜ ಒಣಗಿತೆಂಬುದಕ್ಕೆ ನಂಬಬಹುದಾದ ಗುರುತುಗಳು.

ಹಳ್ಳಿಯ ಅಂಗಡಿಯವನು ಕೈ, ಕಣ್ಣು, ತಕ್ಕಡಿಗಳಿಂದ ಬೆಲೆ ಕಟ್ಟುತ್ತಾನೆ. ದೊಡ್ಡ ವ್ಯಾಪಾರಿಯಾದರೋ ಬೀಜವನ್ನು ಕೊಯ್ದು ನೋಡುತ್ತಾನೆ. ಒಂದು ಕಿಲೋ ಮಾದರಿಯಲ್ಲಿ ಎಷ್ಟು ಬೀಜಗಳಿವೆಯೆಂದು ಎಣಿಸಿ, ಒಂದೊಂದನ್ನೂ ಸೀಳಿ, ಒಳ್ಳೆಯ ತಿರುಳನ್ನು ತೂಗುತ್ತಾನೆ. ವ್ಯಾಪಾರದಲ್ಲಿ ಈ ಇಳುವರಿಯನ್ನು 80 ಕಿಲೋ ಚೀಲಕ್ಕೆ ಇಷ್ಟು ಪೌಂಡು ಎಂದು ಹೇಳುವ ರೂಢಿಯಿದೆ. ಒಂದು ಕಿಲೋದಲ್ಲಿ 270 ಗ್ರಾಮ್ ಒಳ್ಳೆಯ ತಿರುಳು ಸಿಕ್ಕಿತೆಂದರೆ ಚೀಲಕ್ಕೆ ಸುಮಾರು 48 ಪೌಂಡು. ಅದು ಒಳ್ಳೆಯ ಮಾಲು. ಈ ಪರೀಕ್ಷೆಗೆ ಒಂದು ಅಡಕತ್ತರಿ, ಒಂದು ಸಣ್ಣ ತಕ್ಕಡಿ ಸಾಕು. ಮಾರುವವನು ಅದನ್ನು ಮನೆಯಲ್ಲಿಯೇ ಮಾಡಿಕೊಂಡು ಹೋದರೆ ಅಂಗಡಿಯವನ ಮಾತಿಗೆ ಎದುರುಮಾತು ಹೇಳಲು ಅವನ ಕೈಯಲ್ಲಿ ಒಂದು ಅಂಕಿಯಿರುತ್ತದೆ. ಅಂಗಡಿಯಲ್ಲಿ ಗೋಡಂಬಿಯ ಪೊಟ್ಟಣದ ಮೇಲೆ ಕಾಣುವ 240, 320 ಎಂಬ ಅಂಕಿಗಳೂ ಇಂಥವೇ: ಒಂದು ಪೌಂಡಿಗೆ, ಎಂದರೆ ಸುಮಾರು 454 ಗ್ರಾಮಿಗೆ, ಹೆಚ್ಚೆಂದರೆ ಅಷ್ಟು ಇಡೀ ತಿರುಳುಗಳು ತೂಗುತ್ತವೆಂದು ಅರ್ಥ. ಅಂಕಿ ಕಿರಿದಾದಷ್ಟೂ ತಿರುಳು ಹಿರಿದು.

ಸುಡುವುದರ ಒಳಗುಟ್ಟು

ಗೇರುಬೀಜದ ಸಿಪ್ಪೆ ಸುಮಾರು 3 ಮಿಲಿಮೀಟರ್ ದಪ್ಪ. ಅದರ ನಡುಪದರವು ಜೇನುಹುಟ್ಟಿನಂತೆ ಗೂಡುಗೂಡಾಗಿದ್ದು ಪ್ರತಿ ಗೂಡಿನಲ್ಲಿಯೂ ಕಂದುಬಣ್ಣದ ಎಣ್ಣೆ ತುಂಬಿರುತ್ತದೆ. ಅದರ ಮುಖ್ಯ ಅಂಶ ಅನಕಾರ್ಡಿಕ್ ಆಮ್ಲ; ಜೊತೆಗೆ ಕಾರ್ಡಾಲ್ ಎಂಬ ಇನ್ನೊಂದು ತೀಕ್ಷ್ಣ ಪದಾರ್ಥ. ಚರ್ಮದಲ್ಲಿ ಬೊಕ್ಕೆ ಎಬ್ಬಿಸುವುದು ಇವೇ. ಕಾದಾಗ ಅನಕಾರ್ಡಿಕ್ ಆಮ್ಲವು ಇಂಗಾಲಾಮ್ಲ ಅನಿಲವನ್ನು ಹೊರಗೆಡಹಿ ಕಾರ್ಡನಾಲ್ ಎಂಬ ಸೌಮ್ಯತರ ವಸ್ತುವಾಗುತ್ತದೆ. ಕಾರ್ಡಾಲ್ ಮಾತ್ರ ಹಾಗೆಯೇ ಉಳಿಯಬಲ್ಲದು. ಆದುದರಿಂದ ಸುಟ್ಟ ಬೀಜ ಹಸಿಯದಕ್ಕಿಂತ ಸಾಧುವೇ ಹೊರತು ಪೂರ್ತಿ ನಿರಪಾಯಿಯಲ್ಲ.

ತೂತು ಕೊರೆದ ಹಳೆಯ ತಗಡಿನಲ್ಲಿ ಬೀಜವನ್ನು ಹಾಕಿ ಉರಿಯ ಮೇಲಿಟ್ಟರೆ ಮೊದಲು ಸಿಪ್ಪೆಯ ತೇವ ಆವಿಯಾಗುತ್ತದೆ. ಆವಿಯ ಒತ್ತಡಕ್ಕೆ ಗೂಡುಗಳು ಒಡೆದು ಎಣ್ಣೆ ಚಿಮ್ಮಿ ಬೆಂಕಿ ಹತ್ತಿಕೊಳ್ಳುತ್ತದೆ. ಆ ಭೀಕರ ಜ್ವಾಲೆಯಲ್ಲಿ ತಿರುಳು ಉಳಿಯುವುದು ಹೇಗೆ? ಸಿಪ್ಪೆಯು ಮರದಂತೆ ಉಷ್ಣದ ಮಂದವಾಹಕ. ಇಂಥ ಪದಾರ್ಥದಲ್ಲಿ ಉಷ್ಣ ಒಂದು ಮಿಲಿಮೀಟರ್ ಒಳನುಗ್ಗಲು ಸುಮಾರು ಹತ್ತು ಸೆಕೆಂಡು ಬೇಕು. ಆದರೆ ಮೂರು ಮಿಲಿಮೀಟರಿಗೆ ಮೂವತ್ತಲ್ಲ, ತೊಂಬತ್ತು ಸೆಕೆಂಡು. ಏಕೆಂದರೆ ಕಾಲವು ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಇದು ಸ್ಥೂಲವಾದ ಲೆಕ್ಕ. ಆದರೂ 190 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದ ಗೇರೆಣ್ಣೆಯಲ್ಲಿ ಬೀಜವನ್ನು ಮುಳುಗಿಸುತ್ತಿದ್ದ ಕಾರ್ಖಾನೆಗಳು ಅದನ್ನು ಹೊರತೆಗೆಯುತ್ತಿದ್ದದ್ದೂ ಒಂದೂವರೆ ಎರಡು ನಿಮಿಷದಲ್ಲಿಯೇ. ಆದುದರಿಂದ ಬೀಜ ಸುಡಲು ಜೋರು ಉರಿ, ಅಲ್ಪ ಕಾಲ ಇರಬೇಕು. ಸಣ್ಣ ಉರಿಯಲ್ಲಿ ಬಹಳ ಹೊತ್ತು ಇಟ್ಟರೆ ಸಿಪ್ಪೆ ಒಡೆಯುವ ಮೊದಲೇ ತಿರುಳು ಸೀದುಹೋಗುತ್ತದೆ.

ಇಲ್ಲೊಂದು ವಿಚಿತ್ರವಿದೆ. ಅಷ್ಟು ಕಷ್ಟಪಟ್ಟು ಒಣಗಿಸಿದ ಬೀಜಕ್ಕೆ ಕಾರ್ಖಾನೆಯವರು ಸುಡುವ ಮೊದಲು ಮತ್ತೆ ನೀರು ಚಿಮುಕಿಸಿ ಇಡುತ್ತಿದ್ದರು. ತೇವಗೊಂಡ ಸಿಪ್ಪೆಯಲ್ಲಿ ಆವಿ ಹುಟ್ಟಿ ಗೂಡುಗಳು ಬೇಗ ಒಡೆಯಲೆಂಬುದು ಇದರ ಉದ್ದೇಶ. ಚೀಲದಲ್ಲಿ ಶತ್ರುವಾದ ನೀರು ಬಾಣಲೆಯಲ್ಲಿ ಮಿತ್ರ. ಇಂದು ಅನೇಕ ಕಾರ್ಖಾನೆಗಳು ಬೀಜವನ್ನು ಸುಡುವುದೇ ಇಲ್ಲ, ಹಬೆಯಲ್ಲಿ ಬೇಯಿಸುತ್ತವೆ. ಆಗ ಸಿಪ್ಪೆ ಮೆತ್ತಗಾಗಿ ಕೊಯ್ಯಲು ಬರುತ್ತದೆ, ಹೊಗೆಯಿಲ್ಲ, ಎಣ್ಣೆ ಸಿಪ್ಪೆಯಲ್ಲಿಯೇ ಉಳಿದು ಅನಂತರ ಗಾಣಕ್ಕೆ ಹೋಗುತ್ತದೆ. ಬಣ್ಣ, ವಾಹನಗಳ ಬ್ರೇಕಿನ ಲೈನಿಂಗ್ ಮುಂತಾದವುಗಳ ತಯಾರಿಕೆಗೆ ಅದು ಬೇಕಾಗುತ್ತದೆ. ಆದರೆ ಹಬೆಯಲ್ಲಿ ಬೆಂದ ಸಿಪ್ಪೆಯಲ್ಲಿ ಎಣ್ಣೆಯ ಬಹುಪಾಲು ಉಳಿದಿರುವುದರಿಂದ ಅದನ್ನು ಕೊಯ್ಯುವ ಹೆಂಗಸರ ಬೆರಳುಗಳಿಗೆ ರಕ್ಷಣೆ ಎಂದಿನಂತೆಯೇ ಅವಶ್ಯ.

ಮನೆಯಲ್ಲಿ ಬೀಜ ಸುಡುವವರು ನಾಲ್ಕು ಮಾತುಗಳನ್ನು ನೆನಪಿಡಬೇಕು. ಬಯಲಿನಲ್ಲಿ, ಗಾಳಿ ಬೀಸಿ ಬರುವ ದಿಕ್ಕಿಗೆ ನಿಂತು ಸುಡಬೇಕು. ಆ ಹೊಗೆಯಲ್ಲಿ ಸೊನೆಯ ಸೂಕ್ಷ್ಮ ಹನಿಗಳಿದ್ದು ಕಣ್ಣನ್ನೂ ಗಂಟಲನ್ನೂ ಉರಿಸುತ್ತವೆ. ಉರಿಯನ್ನು ಆರಿಸಲು ನೀರೆರಚಬಾರದು; ಕಾದ ಎಣ್ಣೆಗೆ ಬಿದ್ದ ನೀರು ಕ್ಷಣದಲ್ಲಿ ಆವಿಯಾಗಿ ಸಾವಿರದ ಆರುನೂರು ಪಟ್ಟು ಹಿಗ್ಗುವುದರಿಂದ ಉರಿಯುವ ಎಣ್ಣೆ ನಾಲ್ಕೂ ಕಡೆ ಸಿಡಿಯುತ್ತದೆ. ಬೂದಿಯನ್ನೋ ಮರಳನ್ನೋ ಮುಚ್ಚಬೇಕು. ಬೂದಿಗೆ ಇನ್ನೊಂದು ಗುಣವಿದೆ: ಸಿಪ್ಪೆಯ ಮೇಲೆ ಉಳಿದ ಎಣ್ಣೆಯನ್ನು ಅದು ಹೀರಿಕೊಳ್ಳುತ್ತದೆ. ಒಡೆಯಲು ಕೂರುವ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡರೆ ಸೊನೆ ಚರ್ಮಕ್ಕೆ ನೇರವಾಗಿ ತಗಲುವುದಿಲ್ಲ. ಕೆಲಸ ಮುಗಿದ ಮೇಲೆ ಬರಿಯ ನೀರಿನಲ್ಲಿ ಕೈ ತೊಳೆದರೆ ಪ್ರಯೋಜನವಿಲ್ಲ. ಸೊನೆ ನೀರಿನಲ್ಲಿ ಕರಗದು. ಸಾಬೂನು ಹಚ್ಚಿ ತೊಳೆದ ಅನಂತರವೇ ಆ ಕೈಯನ್ನು ಕಣ್ಣಿನ ಹತ್ತಿರ ಒಯ್ಯಬೇಕು, ಇಲ್ಲವೆ ಮಕ್ಕಳ ಬಾಯಿಗೆ ತಿರುಳನ್ನು ಕೊಡಬೇಕು.