ಇನ್ಸುಲಿನ್ ಬೇಕಾದ ಹರೆಯದ ಮಕ್ಕಳಿಗೆ ಮನೆಯವರ ಆಸರೆ

ಹದಿನಾಲ್ಕು ಹದಿನೈದು ವಯಸ್ಸಿನ ಮಗನಿಗೆ ಸಕ್ಕರೆ ಕಾಯಿಲೆ, ದಿನಾಲೂ ಇನ್ಸುಲಿನ್ ಚುಚ್ಚಬೇಕು ಎಂದು ತಿಳಿದಾಗ ನೆಂಟರಿಷ್ಟರಿಂದ ಮೊದಲು ಬರುವ ಮಾತು, "ಸಿಹಿ ತಿಂದದ್ದು ಹೆಚ್ಚಾಯಿತು." ಮನೆಭೇಟಿಗೆ ಹೋದಾಗ ನಮ್ಮ ಕಿವಿಗೂ ಇದು ಬೀಳುತ್ತದೆ. ಈ ಮಾತು ಸರಿಯಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಒಂದನೆಯ ವಿಧದ ಮಧುಮೇಹದಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಅಜ್ಜನಿಗೆ ಅರುವತ್ತರಲ್ಲಿ ಬಂದ ಕಾಯಿಲೆ ಬೇರೆ. ಅವರಿಗೆ ಮಾತ್ರೆ, ಪಥ್ಯ ಸಾಕಾದೀತು, ಮೊಮ್ಮಗನಿಗೆ ಸಾಲದು.

1922ರ ಜನವರಿಯಲ್ಲಿ ಕೆನಡಾದ ಟೊರೊಂಟೋದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ ಚುಚ್ಚಲಾಯಿತು. ಸಾಯುವ ಸ್ಥಿತಿಯಲ್ಲಿದ್ದ ಅವನು ಮತ್ತೆ 13 ವರ್ಷ ಬದುಕಿದ. ಅದಕ್ಕೆ ಮೊದಲು ಈ ಕಾಯಿಲೆಯ ಮಕ್ಕಳು ಉಳಿಯುತ್ತಿರಲಿಲ್ಲ. ಹರಕೆ ಹೇಳಿಕೊಂಡಿದ್ದೇವೆ, ಬೇರಿನ ಕಷಾಯ ಕೊಡುತ್ತಿದ್ದೇವೆ ಎಂದು ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ. ಜ್ವರ, ವಾಂತಿ ಬಂದು ಊಟ ಸೇರದ ದಿನವೂ ನಿಲ್ಲಿಸಕೂಡದು; ಎಷ್ಟು ಕೊಡಬೇಕೆಂದು ಡಾಕ್ಟರರನ್ನು ಕೇಳಬೇಕು. ಹೊಟ್ಟೆನೋವು, ವಾಂತಿ, ಏದುಸಿರು, ಉಸಿರಿಗೆ ಹಣ್ಣಿನ ವಾಸನೆ ಕಂಡರೆ ನೇರ ಆಸ್ಪತ್ರೆಗೆ.

ಹರೆಯ ಬಂದಾಗ ಕಷ್ಟ ಹೆಚ್ಚುತ್ತದೆ. ದೇಹ ಬೆಳೆಸುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಹೋದ ವರ್ಷದ ಪ್ರಮಾಣ ಈ ವರ್ಷ ಸಾಲುವುದಿಲ್ಲ. ಹೆಣ್ಣುಮಕ್ಕಳಲ್ಲಿ ತಿಂಗಳ ಮುಟ್ಟಿನ ಹೊತ್ತಿಗೂ ಏರುಪೇರು ಉಂಟು. ಮಗು ಏನನ್ನೂ ಕದ್ದು ತಿನ್ನದಿದ್ದರೂ ಬೆಳಗ್ಗೆ ಯಂತ್ರ 250 ತೋರಿಸಬಹುದು. ಆಗ ಗದರಿದರೆ ಆಗುವುದೇನು? ನಾಳೆ ಪುಸ್ತಕದಲ್ಲಿ ಸುಳ್ಳು ಅಂಕಿ ಬರೆಯುತ್ತದೆ. ನಾಡಿದ್ದು ಪರೀಕ್ಷಿಸುವುದನ್ನೇ ಬಿಡುತ್ತದೆ. ಆ ಪುಸ್ತಕ ಪಾಪನಿವೇದನೆಯ ಪಟ್ಟಿಯಲ್ಲ. "ಏನು ತಿಂದೆ?" ಎನ್ನುವ ಬದಲು "ಎಷ್ಟಿದೆ? ಈಗೇನು ಮಾಡೋಣ?" ಎಂದು ಕೇಳಿ ನೋಡಿ. ಇನ್ನು ಕೆಲವರು, ದೊಡ್ಡವನಾದ, ತಾನೇ ನೋಡಿಕೊಳ್ಳಲಿ ಎಂದು ಕೈಬಿಡುತ್ತಾರೆ. ಅದೂ ಬೇಡ. ಸೂಜಿ ಅವನೇ ಚುಚ್ಚಿಕೊಳ್ಳಲಿ, ಅಪ್ಪನೋ ಅಮ್ಮನೋ ಪಕ್ಕದಲ್ಲಿರಲಿ.

ಊಟದಲ್ಲಿ ನಾಲಗೆಯ ಸಿಹಿಯೊಂದೇ ಅಳತೆಯಲ್ಲ. ಕುಚ್ಚಲಕ್ಕಿ ಗಂಜಿ ಸಪ್ಪೆಯಾದರೂ ಸಕ್ಕರೆಯಾಗಿ ರಕ್ತ ಸೇರುತ್ತದೆ. ಗಂಜಿ ಬಿಡಿಸಬೇಕಾಗಿಲ್ಲ, ಒಂದೇ ಬಟ್ಟಲಿನಲ್ಲಿ ಅಳೆದು ಬಡಿಸಿದರೆ ಇನ್ಸುಲಿನ್ ಲೆಕ್ಕ ಹಿಡಿಯುವುದು ಸುಲಭ.

ನಮ್ಮ ಕಾಸರಗೋಡಿನ ಮಕ್ಕಳು ಶಾಲೆ ಬಿಟ್ಟು ಬಂದು ಅಡಿಕೆ ಹೆಕ್ಕುತ್ತಾರೆ, ತೋಟಕ್ಕೆ ಸೊಪ್ಪು ಹೊರುತ್ತಾರೆ. ಕಾಯಿಲೆಯಿದೆಯೆಂದು ಇವನನ್ನು ಮೂಲೆಯಲ್ಲಿ ಕೂರಿಸಬೇಡಿ. ಆದರೆ ಮೈಮುರಿದು ದುಡಿದ ದಿನ ಸಕ್ಕರೆ ಇಳಿಯುತ್ತದೆ, ಕೆಲವೊಮ್ಮೆ ಅದೇ ರಾತ್ರಿ ನಿದ್ದೆಯಲ್ಲಿ. ಕೆಲಸಕ್ಕೆ ಮುಂಚೆ, ಮಲಗುವ ಮುಂಚೆ ಪರೀಕ್ಷೆ ಮಾಡಿಸಿ. ಬೆವರು, ಕೈನಡುಕ, ಕಾರಣವಿಲ್ಲದ ಸಿಟ್ಟು ಕಂಡರೆ, ಅಥವಾ ಅಂಕಿ 70ಕ್ಕಿಂತ ಕೆಳಗಿದ್ದರೆ ಕೂಡಲೇ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಳನೀರನ್ನು ನಂಬಬೇಡಿ, ಅದರಲ್ಲಿ ಸಕ್ಕರೆ ಕಡಿಮೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ತೋಟದಲ್ಲಿ ಜೊತೆಗಿರುವ ಆಳುಗಳಿಗೂ, ಕ್ಲಾಸಿನ ಟೀಚರಿಗೂ ಇದು ಗೊತ್ತಿರಲಿ.

ಒಡೆಯದ ಬಾಟಲಿ ಫ್ರಿಜ್ಜಿನಲ್ಲಿರಲಿ, ಹಿಮಗಟ್ಟುವ ಮೇಲಿನ ಖಾನೆಯಲ್ಲಿ ಬೇಡ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋದರೆ, ದೊಡ್ಡ ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ನಡುವೆ ಚಿಕ್ಕ ಮಡಕೆ ಇಟ್ಟು, ಅದರೊಳಗೆ ಬಾಟಲಿಯನ್ನು ನೀರು ತಾಗದಂತೆ ಡಬ್ಬಿಯಲ್ಲಿ ಇಡಬಹುದು. ಖರ್ಚಿನ ಚಿಂತೆಯಿರುವವರು ಕೇರಳ ಸಾಮಾಜಿಕ ಸುರಕ್ಷಾ ಮಿಷನ್ನಿನ 'ಮಿಠಾಯಿ' ಯೋಜನೆಯ ಬಗ್ಗೆ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಅದು ಇಂಥ ಮಕ್ಕಳಿಗಾಗಿಯೇ ಇದೆ.

ತಪಸ್ಸುಕಾಲದ ಬಗ್ಗೆ ಕೆಲವು ತಾಯಂದಿರು ಕೇಳಿದ್ದಾರೆ. ಉಪವಾಸದ ನಿಯಮ 18 ತುಂಬಿದವರಿಗೆ. ಆಮೇಲೂ ಕಾಯಿಲೆಯವರಿಗೆ ವಿನಾಯಿತಿಯಿದೆ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವೂ ರೋಗಿಗಳಿಗೆ ಕಡ್ಡಾಯವಲ್ಲ. ಪೂಜೆಯ ಮಧ್ಯೆ ಕೈ ನಡುಗಿದರೆ ಬೆಂಚಿನಲ್ಲೇ ಕುಳಿತು ಸಕ್ಕರೆ ಬಾಯಿಗೆ ಹಾಕಿಕೊಳ್ಳಲಿ, ಸುಧಾರಿಸಿಕೊಂಡು ಪರಮಪ್ರಸಾದಕ್ಕೆ ಬರಲಿ. ಪಕ್ಕದವರು ತಿರುಗಿ ನೋಡಬೇಕಾಗಿಲ್ಲ.