ಮನೆ ಮಾರುವ ಮೊದಲು ಮಾಡಬೇಕಾದ ಖರ್ಚು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದವರಿಲ್ಲ. "ಮನೆ ಮಾರಿ ನೋಡು" ಎಂಬ ಮೂರನೆಯ ಮಾತನ್ನು ಮಾತ್ರ ಹಿರಿಯರು ಅದಕ್ಕೆ ಸೇರಿಸಲಿಲ್ಲ. ಕಟ್ಟಿದ ಮನೆ ಮಕ್ಕಳು ಮೊಮ್ಮಕ್ಕಳಿಗೆ ಎಂದೇ ಅವರ ಎಣಿಕೆ. ಈಗ ಮಗ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ನೆಲೆಸುತ್ತಾನೆ. ಮಗಳು ಇನ್ನೂ ದೂರ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹಳೆಯ ಬೀದಿಗಳಲ್ಲಿ ಎಷ್ಟೋ ವೃದ್ಧ ದಂಪತಿಗಳಿಗೆ ಇರುವ ಮನೆಯೊಂದೇ ಗಂಟು. ಅದು ತಕ್ಕ ಬೆಲೆಗೆ ಹೋದರೆ ಮುಂದಿನ ದಿನಗಳು ನೆಮ್ಮದಿ. ಅರೆಬೆಲೆಗೆ ಹೋದರೆ ಇನ್ನೊಬ್ಬರ ಮುಂದೆ ಕೈಯೊಡ್ಡುವ ಪಾಡು.

ಮಾರುವ ಯೋಚನೆ ಬಂದೊಡನೆ ಬಣ್ಣ ಬಳಿಯುವವನಿಗೆ ಹೇಳಿ ಕಳುಹಿಸುವುದು ವಾಡಿಕೆ. ಸ್ವಲ್ಪ ತಾಳಿ. ಕೊಳ್ಳಲು ಬಂದವರು ಏನು ಮಾಡುತ್ತಾರೆಂಬುದನ್ನು ಗಮನಿಸಿ. ಪಡಸಾಲೆಯಲ್ಲಿ ನಿಂತು ತಲೆಯೆತ್ತಿ ಸೂರನ್ನು ನೋಡುತ್ತಾರೆ. ಗೋಡೆಯ ಬುಡವನ್ನು ಅಂಗೈಯಿಂದ ಮುಟ್ಟುತ್ತಾರೆ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುತ್ತಾರೆ. ಹೊರಡುವಾಗ, "ಕಾಗದಪತ್ರ ಎಲ್ಲ ಸರಿಯಾಗಿದೆ ತಾನೆ?" ಎನ್ನುತ್ತಾರೆ. ಈ ನಾಲ್ಕೂ ಅವರ ಅಂಜಿಕೆಯ ಜಾಗಗಳು. ಸಾವಿರ ರೂಪಾಯಿಯ ರಿಪೇರಿ ಕಣ್ಣಿಗೆ ಬಿದ್ದರೆ ಅವರು ಮನಸ್ಸಿನಲ್ಲೇ ಹತ್ತು ಸಾವಿರ ಇಳಿಸಿಬಿಡುತ್ತಾರೆ. ಆದ್ದರಿಂದ ಕೊಳ್ಳುವವರ ಅಂಜಿಕೆಯನ್ನು ಕಳೆಯುವ ಖರ್ಚು ಮೊದಲು, ಅಂದಚಂದದ ಖರ್ಚು ಆಮೇಲೆ ಎಂದು ಇಟ್ಟುಕೊಳ್ಳಿ.

ಮೊದಲು ಸೂರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಕ್ರಮೇಣ ಘಟ್ಟ ಹತ್ತಿ ನಮ್ಮ ಸೀಮೆಗೂ ಬಂತು. ಆ ಹೆಂಚಿಗೆ ಆಯುಸ್ಸು ಹೆಚ್ಚು. ಮೊದಲು ಸೋಲುವುದು ಅದರ ಕೆಳಗಿನ ಮರ. ಬೇಸಿಗೆಯಲ್ಲಿ ಹೆಂಚನ್ನು ಇಳಿಸಿ ಪಾಚಿ ತೊಳೆಯಿಸಿ, ಒಡೆದದ್ದನ್ನು ಬದಲಾಯಿಸಿ, ಲಡ್ಡಾದ ರೀಪುಗಳನ್ನು ತೆಗೆಸಿ. ತೊಲೆ ಗೋಡೆಯೊಳಗೆ ಸೇರುವ ಕಡೆ ಗೆದ್ದಲು ಹಿಡಿದಿದೆಯೇ ಎಂದು ಉಳಿಯ ತುದಿಯಿಂದ ಚುಚ್ಚಿ ನೋಡಿ. ನಾಡಹೆಂಚಿನ ಮನೆಯಾದರೆ ಮಳೆಗೆ ಮುಂಚೆ ಕೈಯಾಡಿಸಿದರೆ ಸಾಕು. ಮೇಲೆ ತಾರಸಿ ಇದ್ದರೆ ನೀರು ನಿಲ್ಲುವ ತಗ್ಗನ್ನೂ ಕಸ ಕಟ್ಟಿದ ಕೊಳವೆಯನ್ನೂ ಸರಿಪಡಿಸಿ. ಮುಂಗಾರಿನ ಒಂದೆರಡು ಜೋರುಮಳೆ ಕಳೆದು, ಒಳಗೆ ಎಲ್ಲೂ ಸೋರದೆಂದು ಖಚಿತವಾದ ಮೇಲೆ ಬಣ್ಣದ ಮಾತು.

ಇನ್ನು ಗೋಡೆ. ಲಕ್ಷ್ಮಣತೀರ್ಥದ ಬದಿಯ ತಗ್ಗಿನ ಮನೆಗಳಲ್ಲಿ ಗೋಡೆಯ ಬುಡ ಥಂಡಿ ಹಿಡಿಯುವುದುಂಟು. ಹಳೆಯ ಮಣ್ಣುಗೋಡೆಗೆ ಸಿಮೆಂಟು ಮೆತ್ತಿಸಿ ಅದನ್ನು ಮುಚ್ಚಲು ಹೋಗಬೇಡಿ. ಮಣ್ಣು ಹೀರಿದ ಪಸೆಗೆ ಹೊರಬರಲು ದಾರಿಯಿಲ್ಲದೆ ಸಿಮೆಂಟು ಕೆಲವೇ ಮಳೆಗಾಲದಲ್ಲಿ ಹಪ್ಪಳದಂತೆ ಏಳುತ್ತದೆ. ಅಂಥ ಗೋಡೆಗೆ ಸುಣ್ಣದ ಗಾರೆಯೇ ಸರಿ; ಅದು ಪಸೆಯನ್ನು ಆರಲು ಬಿಡುತ್ತದೆ. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದೋಣಿ ಕಟ್ಟಿಸಿ, ಸುತ್ತಲ ಅಂಗಳವನ್ನು ಹೊರಕ್ಕೆ ಇಳಿಜಾರು ಮಾಡಿಸಿದರೆ ಥಂಡಿ ಬಹುಮಟ್ಟಿಗೆ ತಗ್ಗುತ್ತದೆ.

ಆ ದೋಣಿಯ ನೀರನ್ನು ಚರಂಡಿಗೆ ಬಿಡುವುದೇಕೆ? ಹತ್ತು ಚದರದ ಸೂರಿನ ಮೇಲೆ 10 ಮಿಲಿಮೀಟರು ಮಳೆಯಾದರೆ ಬೀಳುವ ನೀರು ಸುಮಾರು 930 ಲೀಟರು. ಹಿತ್ತಲಿನಲ್ಲಿ ಒಂದು ತೊಟ್ಟಿ, ಅದರ ಬಾಯಿಗೆ ಮರಳು ಜಲ್ಲಿಯ ಸೋಸುಗುಂಡಿ ಇದ್ದರೆ ಬಟ್ಟೆಬರೆಗೂ ಗಿಡಕ್ಕೂ ಆಯಿತು. ನಲ್ಲಿಯ ನೀರು ಬಾರದ ದಿನವೂ ಮನೆಯಲ್ಲಿ ನೀರುಂಟು ಎಂಬುದನ್ನು ಕಂಡವರು ಸುಲಭವಾಗಿ ಬೆಲೆ ಇಳಿಸಲಾರರು. ಪಾಯಿಖಾನೆ ಹಿತ್ತಲ ಮೂಲೆಯಲ್ಲಿದ್ದರೆ ಮನೆಗೆ ಹೊಂದಿಕೊಂಡಂತೆ ಒಂದನ್ನು ಕಟ್ಟಿಸಿ. ಮುದುಕರೂ ಮಕ್ಕಳೂ ಇರುವ ಸಂಸಾರ ಮೊದಲು ಕೇಳುವುದು ಇದನ್ನೇ. ಹಳೆಯ ವಿದ್ಯುತ್ ತಂತಿಗಳನ್ನು ಬದಲಾಯಿಸಿ, ನೆಲತಂತಿಯನ್ನು ಸರಿಮಾಡಿಸಿ, ವಿದ್ಯುತ್ ಸೋರಿದೊಡನೆ ತಾನಾಗಿ ಕಡಿಯುವ ಸ್ವಿಚ್ಚನ್ನು ಹಾಕಿಸಿ.

ಅಂದಚಂದಕ್ಕೆ ಬರೋಣ. ಹುಣಸೂರು ಮರದ ಊರು. ಇಲ್ಲಿನ ಹಳೆಯ ಮನೆಗಳಲ್ಲಿ ತೇಗದ ಬಾಗಿಲು, ಕಂಬಗಳು ಇಂದಿಗೂ ಉಂಟು. ಅವುಗಳನ್ನು ಕಿತ್ತು ಬೇರೆ ಮಾರಿದರೆ ಮನೆಯ ಮುಖವೇ ಹೋಗುತ್ತದೆ. ಮೇಲೆ ಬಳಿದ ಬಣ್ಣವನ್ನು ಕೆರೆಸಿ, ಉಜ್ಜಿಸಿ, ಎಣ್ಣೆ ಕುಡಿಸಿ. ಕೆಂಪು ಕಾವಿಯ ನೆಲ ಬಿರುಕಿಲ್ಲದೆ ಇದ್ದರೆ ಒಡೆಸಬೇಡಿ. ತೊಳೆದು ಮೆರುಗು ಕೊಡಿಸಿ. ಬೀದಿಯ ಉಳಿದ ಮನೆಗಳಿಗೆ ಸಿಮೆಂಟಿನ ನೆಲವಿರುವಾಗ ನಿಮ್ಮದಕ್ಕೆ ಮಾತ್ರ ಗ್ರಾನೈಟು ಹಾಸಿಸಿದರೆ ಆ ಹಣ ಹಿಂದಿರುಗುವುದು ಕಷ್ಟ. ಒಂದು ಮನೆಯ ಬೆಲೆ ಆ ಬೀದಿಯ ಬೆಲೆಯನ್ನು ಬಹಳ ದೂರ ಮೀರುವುದಿಲ್ಲ. ಕತ್ತಲೆಯ ಅಡಿಗೆಮನೆಗೆ ನಾಲ್ಕು ಗಾಜಿನ ಹೆಂಚು ಹಾಕಿಸಿ ನೋಡಿ. ಅಷ್ಟು ಸಣ್ಣ ಖರ್ಚಿಗೆ ಅಷ್ಟು ಬೆಳಕು ಬೇರೆಲ್ಲೂ ಸಿಗದು.

ಕೊನೆಯದು, ಗಾರೆ ಬಣ್ಣಗಳಿಗಿಂತ ಹೆಚ್ಚು ಬೆಲೆ ತರುವ ರಿಪೇರಿ, ಕಾಗದಪತ್ರದ್ದು. ಖಾತೆ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದೆಯೇ? ಹಿಂದಿನ ಕಂದಾಯ ಬಾಕಿಯಿದೆಯೇ? ಆಮೇಲೆ ಕಟ್ಟಿಸಿದ ಕೋಣೆಗೆ ಪರವಾನಗಿ ಉಂಟೇ? ನಗರಸಭೆ, ಪುರಸಭೆಗಳ ವ್ಯಾಪ್ತಿಯ ಸ್ವತ್ತಿನ ನೋಂದಣಿಗೆ 2024ರಿಂದ ಇ-ಖಾತೆ ಬೇಕೇ ಬೇಕು. ಗ್ರಾಮ ಪಂಚಾಯಿತಿಯದಾದರೆ ಇ-ಸ್ವತ್ತಿನ ನಮೂನೆಗಳು. ಸಾಲ, ಅಡಮಾನ ಇಲ್ಲವೆಂದು ತೋರಿಸಲು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರವನ್ನೂ ತೆಗೆಸಿಡಿ.

ಇದಕ್ಕಿಂತಲೂ ಸೂಕ್ಷ್ಮವಾದ ಮಾತೊಂದುಂಟು. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಕೇಳದೆ ಮುಂಗಡ ಹಣ ತೆಗೆದುಕೊಂಡು, ಆಮೇಲೆ ಕೋರ್ಟಿನ ಮೆಟ್ಟಿಲು ಹತ್ತುವ ಮನೆಗಳಿವೆ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಕೂಡಿಸಿಕೊಂಡು ಮಾತಾಡಿ; ಒಪ್ಪಿದ್ದನ್ನು ಬರೆಸಿ, ರಿಜಿಸ್ಟರು ಮಾಡಿಸಿ. ತವರಿನ ಬಾಂಧವ್ಯ ಉಳಿಯುತ್ತದೆ, ಮನೆಯ ಬೆಲೆಯೂ ಉಳಿಯುತ್ತದೆ.

ಈ ಕೆಲಸಗಳನ್ನು ಮಾರುವ ತಿಂಗಳಿಗಾಗಿ ಕಾದಿಡಬೇಕಾಗಿಲ್ಲ. ಈ ವರ್ಷ ಸೂರು, ಬರುವ ವರ್ಷ ತೊಟ್ಟಿ ಎಂದು ಒಂದೊಂದಾಗಿ ಮಾಡಿಸಿ. ಸೋರದ ಮನೆಯಲ್ಲಿ ಮೊದಲು ನೀವು ನಿದ್ದೆ ಮಾಡುವಿರಿ. ಹೀಗೆ ನೋಡಿಕೊಂಡ ಮೇಲೂ ಮಾರಲೇಬೇಕಾಗಿ ಬಂದರೆ ಇರುವ ದೋಷವನ್ನು ಮುಚ್ಚಿಡದೆ ಹೇಳಿ; ನಿಮ್ಮ ಬೆಲೆಯನ್ನೂ ಅಷ್ಟೇ ನಿಸ್ಸಂಕೋಚವಾಗಿ ಹೇಳಬಹುದು.